ಕಟ್ಟಿದ ಮನಿ

ನಾಂಪಲ್ಲಿ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ತೆಲುಗಿನ ನಡುವೆ ಕನ್ನಡ ಕಿವಿಗೆ ಬಿದ್ದದ್ದೇ ತಡ, ದೀಪಾಲಿ ಮೊಬೈಲನ್ನು ಪರ್ಸಿಗೆ ಹಾಕಿದಳು. ಮುಂದೆ ಒಬ್ಬ ತಾಯಿ ಮಗನನ್ನು ದಬಾಯಿಸುತ್ತಿದ್ದಳು.

“ನಿನ್ನೆ ಬಂದು ಇವತ್ತ ಹೊಂಟಿಯಲ್ಲೋ ಕಿರಣ್ಯಾ! ನಾಳೆ ಹೆಣ್ಣಿನವರು ಬರೂದೈತಿ.”

“ವಿಶಾಖಪಟ್ಟಣಕ್ಕ ತೂಫಾನ್ ಬರಾಕತ್ತೈತವ್ವಾ. ಬೋಟ್ ಕೊಚ್ಚಿಕೊಂಡು ಹೋದ್ರ ನಾ ಎಲ್ಲಿ ಇರ್ಲಿ?”

“ಅದು ಹೋದ್ರ ಹೆಂಗ? ಮಗಾ ಅಲ್ಲಿ ಮನಿ ಕಟ್ಟ್ಯಾನ ಅಂತ ಅವರಿಗೆ ಹೇಳೀನಿ.”

“ಮನಿ? ಅದು ಬೋಟವ್ವಾ!”

“ಅದರಾಗ ಇರಾಕತ್ತಿಲ್ಲೇನು?”

“ಇರಾಕತ್ತೀನಿ.”

“ದಂಡಿಗೆ ಕಟ್ಟಿಲ್ಲೇನು?”

“ಹಗ್ಗ ಹಾಕಿ ಕಟ್ಟೀನಿ.”

“ಮತ್ತ! ನಾ ಸುಳ್ಳೆಲ್ಲಿ ಹೇಳೀನಿ?”

“ಹುಡುಗ ಎಲ್ಲಿ ಅಂದ್ರ?”

“ಮನಿ ಗಟ್ಟಿ ಮಾಡಾಕ ಹೋಗ್ಯಾನ ಅಂತೀನಿ.”

ಟಿಕೆಟ್ ಸಿಕ್ಕಿದ್ದೇ ಅವನು ಪ್ಲಾಟ್‌ಫಾರ್ಮಿನ ಕಡೆ ಓಡಿದ. ತಾಯಿ ಹಿಂದಿನಿಂದ ಕೂಗಿದಳು:

“ಎರಡು ಹಗ್ಗ ಹಾಕಿ ಕಟ್ಟೋ! ಎರಡಂತಸ್ತು ಅಂತ ಹೇಳೀನಿ!”