ಕೆನ್ನೆ ಮೇಲೆ ಕತ್ತಿ, ಗೋಡೆ ಮೇಲೆ ಸರ್ಕಾರ

...ನಗಬೇಡ, ನಗಬೇಡ ತಮ್ಮಾ! ಕೈಯಲ್ಲಿ ಕತ್ತಿ ಇದೆ. ನೀನು ನಕ್ಕರೆ ಕೆನ್ನೇಲಿ ಗುಳಿ ಬೀಳುತ್ತೆ, ಗುಳಿಯೊಳಗೆ ಕತ್ತಿ ಬೀಳುತ್ತೆ, ಆಮೇಲೆ ನನ್ನ ಹೊಟ್ಟೆಪಾಡು ಬೀದಿಗೆ ಬೀಳುತ್ತೆ. ಹಾಂ... ಹಾಗೆ. ಕತ್ತು ಸ್ವಲ್ಪ ಈ ಕಡೆ.

ಬ್ಲೇಡು ಹೊಸದು, ನೋಡಿದೆ ತಾನೇ? ನಿನ್ನ ಕಣ್ಣೆದುರೇ ಕಾಗದ ಬಿಚ್ಚಿದ್ದು. ಒಬ್ಬರಿಗೆ ಒಂದು. ಅದು ಪಾಠದ ಮೊದಲನೇ ಭಾಗ. ಎರಡನೇದು... ಕನ್ನಡಿ ಪಕ್ಕ ಚಾರ್ಟು ನೇತಾಡ್ತಿದೆಯಲ್ಲ, ಅದು. ಅಯ್ಯೋ, ಮುಖ ತಿರುಗಿಸಬೇಡ, ಕಣ್ಣು ತಿರುಗಿಸು! ಹೌದು, ಆ ಗಂಡಸಿನ ಮೈಮೇಲೆ ಬಟ್ಟೆ ಇಲ್ಲ. ಅದಕ್ಕೇ ಸೊಂಟದ ಹತ್ತಿರ ಟವೆಲ್ ಸಿಕ್ಕಿಸಿದ್ದೀನಿ. ಪಾಪ, ಅವನಿಗೂ ಒಂದು ಮರ್ಯಾದೆ ಬೇಡವಾ?

ಯಾರು ಹಾಕಿಸಿದ್ದು ಅಂತೀಯಾ? ಸರ್ಕಾರ! ಆದೇಶ ಆಗಿದೆ. ಹುಡುಗರು ಕುರ್ಚಿ ಮೇಲೆ ಕೂತ ಕೂಡಲೇ ಎಚ್‌ಐವಿ ಬಗ್ಗೆ ತಿಳಿಹೇಳಬೇಕು. ಕಟಿಂಗ್ ಶಾಪೇ ಯಾಕೆ ಅಂದ್ರೆ... ಹುಡುಗರು ಬಾಯಿ ಮುಚ್ಚಿಕೊಂಡು ಕೂರೋ ಜಾಗ ಇನ್ನೆಲ್ಲಿದೆ ಹೇಳು! ಹೇಳಬೇಡ, ಹೇಳಬೇಡ, ಬಾಯಿಗೆ ನೊರೆ ಹೋಗುತ್ತೆ.

ಮೊದಲು ಇದು ಶಾಲೆಯಲ್ಲೇ ಇತ್ತಂತೆ. ಮಕ್ಕಳು ಕೆಟ್ಟು ಹೋಗ್ತಾರೆ ಅಂತ ಕೆಲವು ದೊಡ್ಡ ಮನುಷ್ಯರು ಕೂಗಾಡಿದ್ರು. ಪಾಠ ತೆಗೆದ್ರು. ಡಾಕ್ಟರುಗಳು ಕೂಗಾಡಿದ್ರು. ಮತ್ತೆ ಸೇರಿಸಿದ್ರು, ಆದ್ರೆ ನಾಚಿಕೆ ಆಗೋ ಪದ ಒಂದೂ ಉಳಿಸಲಿಲ್ಲ. ಈಗ ಪುಸ್ತಕದಲ್ಲಿ ಏನಿದೆ ಗೊತ್ತಾ? 'ಅದು ಅದರಿಂದ ಹರಡುತ್ತದೆ. ಅದನ್ನು ಬಳಸಿದರೆ ಅದು ಬರುವುದಿಲ್ಲ.' ಅಷ್ಟೇ! ಪರೀಕ್ಷೆಯಲ್ಲಿ ಅರ್ಧ ತರಗತಿ 'ಅದು' ಅಂದ್ರೆ ಸೋಪು ಅಂತ ಬರೆದಿತ್ತಂತೆ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟು ಕೈ ತೊಳ್ಕೊಂಡರು, ವಿವರಿಸೋ ಗೋಜೇ ಬೇಡ ಅಂತ.

ತರಬೇತಿಯಾ? ಆಯ್ತಪ್ಪಾ! ಅದು ಸುಳ್ಳಲ್ಲ. ಊರಿನ ಕ್ಷೌರಿಕರನ್ನೆಲ್ಲ ಒಂದು ಹಾಲ್‌ನಲ್ಲಿ ಕೂರಿಸಿ ಒಬ್ಬರು ಡಾಕ್ಟರಮ್ಮ ಪಾಠ ಮಾಡಿದ್ರು. ಸೊಳ್ಳೆ ಕಚ್ಚಿದ್ರೆ ಬರುತ್ತಾ ಅಂತ ನಾನೇ ಕೇಳಿದೆ. ಇಲ್ಲ. ಒಂದೇ ಲೋಟದಲ್ಲಿ ಕುಡಿದ್ರೆ? ಇಲ್ಲ. ಅಪ್ಪಿಕೊಂಡ್ರೆ? ಇಲ್ಲ. 'ಮತ್ತೆ ಏನು ಮಾಡಿದ್ರೆ ಬರುತ್ತೆ ಮೇಡಂ?' ಅಂದುಬಿಟ್ಟೆ. ಹೇಳಿದ್ರು! ಅಡುಗೆ ಹೇಳಿಕೊಟ್ಟ ಹಾಗೆ, ಒಂದೊಂದಾಗಿ, ಬಿಡಿಸಿ ಹೇಳಿದ್ರು! ನಾವೆಲ್ಲ ಒಟ್ಟಿಗೇ ತಲೆ ಎತ್ತಿ ಫ್ಯಾನ್ ನೋಡಿದ್ವಿ. ಆಮೇಲೆ ಕಾಂ... ಕಾಂಡೋಮ್ ಪ್ಯಾಕೆಟ್ ಬಿಚ್ಚಿ ತೋರಿಸಿದ್ರೆ, ನಮ್ಮಲ್ಲೊಬ್ಬ ಹಿರಿಯ ಎದ್ದು ನಿಂತು ಕೈ ಮುಗಿದು, 'ಇದನ್ನ ಕತ್ತಿಗೆ ತೊಡಿಸಬೇಕಾ ತಾಯಿ?' ಅಂತ... ನಗಬೇಡ ಅಂದೆನಲ್ಲ! ನೋಡು, ಬಂತು ರಕ್ತ. ಇರು, ಪಟಿಕ ತಿಕ್ತೀನಿ. ಉರಿ? ಉರೀಲಿ.

ಈಗ ಮುಖ್ಯವಾದ್ದು ಕೇಳು. ಮದುವೆಗೆ ಮುಂಚೆ ಗಂಡೂ ಹೆಣ್ಣೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳೋದು ಒಳ್ಳೇದು. ಎಚ್‌ಐವಿ ಇದೆ ಅಂತ ಗೊತ್ತಾದ್ರೂ ಆಕಾಶ ಕಳಚಿ ಬೀಳಲ್ಲ. ದಿನಾ ತಪ್ಪದೆ ಮಾತ್ರೆ ತಗೊಂಡು ಎಲ್ಲರ ಹಾಗೆ ಸಂಸಾರ ಮಾಡಬಹುದು ಅಂದ್ರು ಡಾಕ್ಟರಮ್ಮ. ಮುಚ್ಚಿಟ್ಟರೇ ಕಷ್ಟ. ನೀನು... ಮಾಡಿಸಿದ್ದೀಯಾ? ಎಲ್ಲ ಗಿರಾಕಿಗಳನ್ನೂ ಕೇಳ್ತೀನಪ್ಪಾ, ನಿನ್ನೊಬ್ಬನನ್ನೇ ಅಲ್ಲ. ಯಾಕೆ ಬೆಂಚಿನ ಮೇಲೆ ಕೂತ ಆ ಅಜ್ಜನ ಕಡೆ ಕೈ ತೋರಿಸ್ತೀಯಾ? ಹೌದು, ಅವರನ್ನ ಕೇಳಲಿಲ್ಲ. ಅವರಿಗೆ ಎಂಬತ್ತು!

ಏನು? ಆದೇಶ ಯಾವಾಗ ಬಂತಾ? ಬಂತು... ಮೊನ್ನೆ ಮೊನ್ನೆ. ನಿನಗ್ಯಾಕೆ ಅದೆಲ್ಲ? ಯಾವುದೋ ಆಫೀಸಲ್ಲಿ ಟೈಪ್ ಮಾಡ್ತಾನೆ ಅಂದಳು... ಅಂದಳು ಅಂದ್ನಾ? ಅಂದರು. ಯಾರೋ ಅಂದರು.

ಆರೋಗ್ಯ ಇಲಾಖೆಯಾ?

...ಇದೇ ವಿಭಾಗವಾ?

ಕನ್ನಡೀಲಿ ನನ್ನನ್ನೇ ಹಾಗೆ ನೋಡಬೇಡ ತಮ್ಮಾ.

ಸರಿಯಪ್ಪಾ. ಈ ಕಟಿಂಗ್ ಶಾಪ್ ಯೋಜನೆ ರದ್ದು ಅಂತ ಟೈಪ್ ಮಾಡಿದವನು ನೀನೇ ಇರಬೇಕು. ತರಬೇತಿ ಮುಗಿದ ಬೆನ್ನಲ್ಲೇ ಚಾರ್ಟು ವಾಪಸ್ ಕೇಳಿದ್ರು. ಕೊಡಲಿಲ್ಲ, ಕಳೆದುಹೋಯ್ತು ಅಂದೆ. ಅಟ್ಟದ ಮೇಲಿತ್ತು. ಇವತ್ತು ಬೆಳಿಗ್ಗೆ ಧೂಳು ಕೊಡವಿ ನೇತು ಹಾಕಿದೆ... ನಿನಗೋಸ್ಕರ. ನಿನ್ನೆ ನನ್ನ ಮಗಳು ನಿನ್ನ ಫೋಟೋ ತೋರಿಸಿದಳು. 'ಇವನೇ ಅಪ್ಪಾ. ನಾಳೆ ಶೇವಿಂಗಿಗೆ ಕಳಿಸ್ತೀನಿ, ನೋಡಿಕೋ' ಅಂದಳು. ಅವಳಮ್ಮ ಇದ್ದಿದ್ರೆ ಅವಳು ಕೇಳಿಕೊಳ್ತಿದ್ದಳು ಇಂಥದ್ದನ್ನೆಲ್ಲ. ನನಗೆ ಹೇಗೆ ಶುರು ಮಾಡಬೇಕೋ ತಿಳೀಲಿಲ್ಲ ಕಣಪ್ಪಾ. ಗಂಡಿನ ಮುಂದೆ ನಿಂತು, ನಿನ್ನ ರಕ್ತ ಹೇಗಿದೆ ಅಂತ ಹೇಗೆ ಕೇಳೋದು? ಸರ್ಕಾರವೇ ಕೇಳು ಅಂದಿದೆ ಅಂದ್ರೆ ಸಲೀಸು ಅನ್ನಿಸ್ತು.

ಹೋಗಲಿ ಬಿಡು. ಇದು ಸರ್ಕಾರದ ಆದೇಶ ಅಲ್ಲ, ಹೆಣ್ಣು ಹೆತ್ತವನ ಆದೇಶ. ಇದನ್ನ ರದ್ದು ಮಾಡೋ ಇಲಾಖೆ ಇನ್ನೂ ಹುಟ್ಟಿಲ್ಲ.