ಮಳೆಗೆ ನಿಂತವರು

ಬೇಸಿಗೆಯ ಸಂಗೀತ ಮೇಳದಲ್ಲಿ ಆ ಮೂಲೆಯ ಪುಟ್ಟ ಡೇರೆ ತುಂಬಿದ್ದು ಕರೆಯದೆ ಬಂದ ಮಳೆಯ ದಯೆಯಿಂದ. ಅಲ್ಲಿ ನುಡಿಸುತ್ತಿದ್ದ ಬ್ಯಾಂಡಿನ ಡ್ರಮ್ಮಿನ ಹುಡುಗಿಗೂ ಅದು ಗೊತ್ತಿತ್ತು. ವಿರಾಮದಲ್ಲಿ ಅವಳು ರೇನ್‌ಕೋಟಿನ ಟೋಪಿ ಹಣೆಯವರೆಗೆ ಎಳೆದುಕೊಂಡು, ಡೇರೆಯಂಚಿನ ಕಾಫಿ ಸಾಲಿನಲ್ಲಿ ನಿಂತಳು. ಮುಂದೆ ಒಬ್ಬ ಭಾವ, ಅವನ ನಾದಿನಿ.

“ಭಾವ, ನಿಮ್ಮ ಕಾಲು ತಾಳ ಹಾಕ್ತಿತ್ತು.”

“ಚಳಿಗೆ ನಡುಗ್ತಿತ್ತು ಕಣೇ.”

“ತಲೆ ಆಡಿಸಿದ್ದು?”

“ಸೊಳ್ಳೆ ಓಡಿಸ್ತಿದ್ದೆ.”

“ಒನ್ಸ್ ಮೋರ್ ಅಂತ ಕೂಗಿದ್ದೂ ಸೊಳ್ಳೆಗೇನಾ?”

“ಮೆಲ್ಲಗೆ ಮಾತಾಡು. ನಾನು ಬಂದಿರೋದು ದೊಡ್ಡ ವೇದಿಕೆ ಬ್ಯಾಂಡಿಗೆ. ಇವರ ಹೆಸರೇ ಕೇಳಿರ್ಲಿಲ್ಲ.”

“ಈಗ ಕೇಳಿದ್ರಲ್ಲ.”

“ಕೇಳ್ದೆ. ಆ ಡ್ರಮ್ಮಿನ ಹುಡುಗಿ ಒಂದು ಕಡೆ ತಾಳ ತಪ್ಪಿದ್ಲು.”

ಹಿಂದೆ ನಿಂತವಳ ಕಿವಿ ಬಿಸಿಯಾಯಿತು. ತಪ್ಪಿದ್ದು ನಿಜವೇ.

“ತಪ್ಪಿ, ಒಂದ್ಸಲ ನಕ್ಕುಬಿಟ್ಲು. ಆಮೇಲೆ ಎಂಥ ಹಿಡಿತ ಹಿಡಿದ್ಲು ಅಂತೀಯ!”

“ಸೊಳ್ಳೆ ಓಡಿಸ್ತಾನೇ ಇಷ್ಟೆಲ್ಲ ನೋಡಿದ್ರಾ?”

ಅಷ್ಟರಲ್ಲಿ ಮಳೆ ನಿಂತಿತು. ದೊಡ್ಡ ವೇದಿಕೆಯ ಕಡೆಯಿಂದ ಗಿಟಾರು ಮೊಳಗಿದ್ದೇ ತಡ, ಡೇರೆಯಲ್ಲಿದ್ದವರೆಲ್ಲ ದಡಬಡನೆ ಅತ್ತ ಓಡಿದರು. ಡ್ರಮ್ಮಿನ ಹುಡುಗಿ ಆ ಬೆನ್ನುಗಳನ್ನೇ ನೋಡುತ್ತ ನಿಂತಳು.

“ನಡೀರಿ ಭಾವ, ನಿಮ್ಮ ಬ್ಯಾಂಡ್ ಶುರುವಾಯ್ತು. ಮಳೆನೂ ನಿಲ್ತು.”

ಭಾವ ಕತ್ತೆತ್ತಿ ಆಕಾಶ ನೋಡಿದ. ಡೇರೆಯಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಜಾಗ ನೋಡಿ ಅಂಗೈ ಒಡ್ಡಿದ.

“ಎಲ್ಲೇ ನಿಂತಿದೆ? ಬೀಳ್ತಾನೇ ಇದೆ ನೋಡು. ನೀನು ನೆನೆದ್ರೆ ನಿಮ್ಮಕ್ಕ ನನ್ನ ಸುಮ್ನೆ ಬಿಡ್ತಾಳಾ? ನಡಿ ಒಳಗೆ, ಮುಂದಿನ ಸಾಲು ಖಾಲಿಯಾಗಿದೆ.”