ಕೆನ್ನೆ ಸರ್ ಅವರ ನೂರು ದಿನ

ನಮ್ಮಪ್ಪ ಸಿಗರೇಟು ಬಿಟ್ಟು ಇವತ್ತಿಗೆ ನೂರು ದಿನ!

ಅಯ್ಯೋ, ಕ್ಷಮಿಸಿ. ಮೊದಲು ಹೇಳಬೇಕಾದದ್ದು ಬೇರೆ ಇತ್ತು, ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದೇನೆ. ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳೇ, ರಸಾಯನಶಾಸ್ತ್ರ ವಿಭಾಗದ ಅಧ್ಯಾಪಕರೇ, ಇವತ್ತು ನಿವೃತ್ತರಾಗುತ್ತಿರುವ ಅಪ್ಪ, ಅವರನ್ನು ಇಷ್ಟು ವರ್ಷ ಸಹಿಸಿಕೊಂಡ ಅಮ್ಮ, ಮತ್ತು ಪ್ರೀತಿಯ ಸಭಿಕರೇ. ಮೂರನೇ ಸಾಲಿನಲ್ಲಿ ಕೈಗಡಿಯಾರ ತೋರಿಸುತ್ತಾ ಕೂತಿರುವವರು ನನ್ನ ಗಂಡ. ಮದುವೆಯಾಗಿ ನಲವತ್ತೊಂದು ದಿನ. ಮೈಕಿನಲ್ಲಿ ‘ನನ್ನ ಗಂಡ’ ಎನ್ನುವ ಅವಕಾಶ ಸಿಕ್ಕಿದ್ದು ಇದೇ ಮೊದಲು, ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ: ನನ್ನ ಗಂಡ! “ಐದೇ ನಿಮಿಷ ಕಣೇ” ಎಂದಿದ್ದಾರೆ. ನೋಡೋಣ. ನಾನು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು. ಈ ಭಾಷಣದಲ್ಲಿ ತಪ್ಪು ಕಂಡರೆ ಅಮ್ಮನನ್ನು ಕೇಳಿ, ತಿದ್ದಿಕೊಟ್ಟವರು ಅವರು.

ನಿಜಕ್ಕೂ ಇಲ್ಲಿ ಅಪ್ಪ ಮಾತಾಡಬೇಕಿತ್ತು. ಆದರೆ ಉದ್ದದ ವಾಕ್ಯಕ್ಕೆ ಅವರಿಗೀಗ ಉಸಿರು ಸಾಲುವುದಿಲ್ಲ. ಹಾಗಾಗಿ ಉದ್ದದ ವಾಕ್ಯಗಳನ್ನೆಲ್ಲ ನನಗೆ ಒಪ್ಪಿಸಿದ್ದಾರೆ.

ಅಪ್ಪ ಈ ಕಾಲೇಜಿನಲ್ಲಿ ಮೂವತ್ತೈದು ವರ್ಷ ಗಾಜು ಊದಿದವರು. ಬಿರುಕು ಬಿಟ್ಟ ಫ್ಲಾಸ್ಕು, ಮೂತಿ ಮುರಿದ ಕೊಳವೆ ಎಲ್ಲವೂ ಮೊದಲನೇ ಮಹಡಿಯ ಅವರ ಮೇಜಿಗೇ ಬರುತ್ತಿದ್ದವು. ಬೆಂಕಿಯ ಮುಂದೆ ಗಾಜನ್ನು ತಿರುಗಿಸುತ್ತಾ ಊದುವಾಗ ಅವರ ಕೆನ್ನೆಗಳು ಎರಡು ಚೆಂಡಿನಂತೆ ಉಬ್ಬುತ್ತಿದ್ದವು. ಅದಕ್ಕೇ ವಿದ್ಯಾರ್ಥಿಗಳು ಅವರಿಗೆ ‘ಕೆನ್ನೆ ಸರ್’ ಎಂದು ಹೆಸರಿಟ್ಟರು. ನಮ್ಮ ಮನೆಗೆ ಗೊತ್ತಿಲ್ಲವೆಂದು ತಿಳಿದಿದ್ದೀರಾ? ನಾನೂ ಹಾಗೇ ಕರೆಯುತ್ತಿದ್ದೆ. ಆ ಮೇಜಿನ ಬೆಂಕಿಯಲ್ಲೇ ಅವರು ಸಿಗರೇಟನ್ನೂ ಹಚ್ಚುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಒಂದು ಬೆಂಕಿಪೊಟ್ಟಣ ಕೊಂಡವರಲ್ಲ.

ನನ್ನ ಮದುವೆ ನಿಶ್ಚಯವಾದ ದಿನ ನಾನು ಹೇಳಿದೆ: “ಅಪ್ಪಾ, ನಂಗೆ ಏನೂ ಕೊಡಿಸ್ಬೇಡಿ. ಸಿಗರೇಟ್ ಬಿಟ್ಬಿಡಿ, ಸಾಕು.” ಅಪ್ಪ “ಆಯ್ತು” ಎಂದರು. ಅಷ್ಟೇ! ಅಮ್ಮನಿಗೆ ಮೈಯೆಲ್ಲ ಉರಿದುಹೋಯಿತು. “ನಾನು ಮೂವತ್ತು ವರ್ಷ ಬಡ್ಕೊಂಡೆ. ನಂಗೊಂದು ದಿನ ಆಯ್ತು ಅಂದಿಲ್ಲ ಈ ಮನುಷ್ಯ” ಎಂದು ಎರಡು ದಿನ ಮಾತು ಬಿಟ್ಟರು.

ಬಿಟ್ಟ ಮೇಲೆ ಅಪ್ಪ ಚಿಗರೆಯಂತೆ ಓಡಾಡುತ್ತಾರೆಂದು ನಾನು ನಂಬಿದ್ದೆ. ಆದದ್ದೇನು? ಕೆಮ್ಮು ಹೆಚ್ಚಾಯಿತು. ಮೆಟ್ಟಿಲು ಹತ್ತಿದರೆ ದಮ್ಮು, ಬೂಟಿನ ಲೇಸು ಕಟ್ಟಲು ಬಗ್ಗಿದರೂ ದಮ್ಮು. ಲ್ಯಾಬಿನ ಅಟೆಂಡರ್ ಅಂಕಲ್, ನೀವು ಕಿಟಕಿಯ ಪಕ್ಕ ಕೂತಿದ್ದೀರಿ, ನಾನು ನೋಡಿದೆ. ನೀವೇ ಅಲ್ಲವೇ ಹೇಳಿದ್ದು, “ಸೇದೋವಾಗ ಗುಂಡುಕಲ್ಲಿನ ಹಾಗಿದ್ರಲ್ಲ ಸರ್. ಬಿಟ್ಟಿದ್ದಕ್ಕೇ ಹಿಂಗಾಗಿರೋದು. ಒಂದೇ ಒಂದು ಎಳೀರಿ, ಸರಿಹೋಗುತ್ತೆ” ಎಂದು? ಪ್ರೀತಿಯಿಂದಲೇ ಹೇಳಿದಿರಿ. ಆದರೂ ಅಂಕಲ್!

ಮದುವೆಯ ಮರುದಿನ ನಾವು ನನ್ನ ಗಂಡನ ಊರಿಗೆ ಹೊರಟೆವು. ನಮ್ಮ ರೈಲು ಮೂರನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಅಲ್ಲಿಗೆ ಹೋಗಲು ಮೇಲ್ಸೇತುವೆ ಹತ್ತಬೇಕು. ಅಪ್ಪ ಮೆಟ್ಟಿಲ ಕೆಳಗೆ, ತೂಕ ನೋಡುವ ಯಂತ್ರದ ಪಕ್ಕ ನಿಂತು, “ನೀವು ಹೋಗಿ, ನಾನು ಇಲ್ಲೇ ಇರ್ತೀನಿ” ಎಂದುಬಿಟ್ಟರು. ಇಡೀ ಬೀದಿಯ ಮಂದಿ ಪ್ಲಾಟ್‌ಫಾರ್ಮಿಗೆ ಬಂದು ಕೈ ಬೀಸಿದರು, ಅಪ್ಪ ಒಬ್ಬರೇ ಬರಲಿಲ್ಲ. ನಾನು ನಾಲ್ಕು ನಿಲ್ದಾಣ ಅತ್ತೆ. ಐದನೆಯದರಲ್ಲಿ ಫೋನ್ ಮಾಡಿ ಬೈದೆ: “ಮಗಳು ಹೊರಟ್ರೆ ನಾಲ್ಕು ಮೆಟ್ಲು ಹತ್ತೋಕಾಗಲ್ವಾ ನಿಮಗೆ?” ಆ ಮೆಟ್ಟಿಲು ನಾಲ್ಕಲ್ಲ, ನಲವತ್ತನಾಲ್ಕು. ಮೊನ್ನೆ ಬಂದಾಗ ಎಣಿಸಿದೆ.

ನಾವು ಹೋದ ಮೇಲೆ ಅಮ್ಮ ಅವರನ್ನು ಎದೆಯ ಡಾಕ್ಟರ ಬಳಿಗೆ ಎಳೆದುಕೊಂಡು ಹೋದರು. ಡಾಕ್ಟರು ಹೇಳಿದ್ದು ನೇರವಾಗಿತ್ತು: “ಬಿಟ್ಟಿದ್ರಿಂದ ಬಂದಿದ್ದಲ್ಲ ಇದು, ಸೇದಿದ್ರಿಂದ ಬಂದಿದ್ದು. ಮೊದಲೇ ಇತ್ತು, ಈಗ ಗೊತ್ತಾಗ್ತಿದೆ. ಹಾಳಾಗಿದ್ದು ಪೂರ್ತಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು.” ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿ ಕೊಟ್ಟರು. ದಿನಾ ನಡೆಯಿರಿ ಎಂದರು. ಫಿಸಿಯೋ ಮೇಡಂ ಉಸಿರಾಟ ಕಲಿಸಿದರು: ಎರಡು ಎಣಿಸುತ್ತಾ ಮೂಗಿನಿಂದ ಒಳಗೆ, ತುಟಿ ಕಿರಿದು ಮಾಡಿ ನಾಲ್ಕು ಎಣಿಸುತ್ತಾ ಹೊರಗೆ.

ಅಪ್ಪ ಹದಿನೈದು ದಿನ ತಪ್ಪದೆ ಮಾಡಿದರು. ಎಳ್ಳಷ್ಟೂ ಗುಣ ಕಾಣಲಿಲ್ಲ. ಒಂದು ಬೆಳಿಗ್ಗೆ ವಿಡಿಯೋ ಕರೆಯಲ್ಲಿ ನೋಡುತ್ತೇನೆ, ತುಟಿ ಕಿರಿದಾಗಿದೆ, ಕೆನ್ನೆ ಮಾತ್ರ ಎರಡು ಚೆಂಡು! ಮುಂದಿನ ಸಲ ಫಿಸಿಯೋ ಮೇಡಂ ಅಪ್ಪನ ಬಾಯಿಯ ಮುಂದೆ ಒಂದು ಕಾಗದದ ಚೂರು ಹಿಡಿದರು. ಕಾಗದ ಅಲ್ಲಾಡಲಿಲ್ಲ. “ಗಾಳಿ ಎಲ್ಲಿ ಸರ್?” ಎಂದು ಕೇಳಿದರೆ ನಮ್ಮಪ್ಪ ಗಂಭೀರವಾಗಿ, “ಇಟ್ಕೊಂಡಿದೀನಿ ಮೇಡಂ” ಎಂದರಂತೆ.

ನಗಬೇಡಿ! ಗಾಜು ಊದುವವರು ಉಸಿರನ್ನು ಬಿಡುವುದಿಲ್ಲ. ಕೆನ್ನೆಯಲ್ಲಿ ಹಿಡಿದು, ಸೂಜಿಮೊನೆಯಷ್ಟು ಸೂಜಿಮೊನೆಯಷ್ಟು ಕೊಡುತ್ತಾರೆ. ಹಿಡಿಯುವುದನ್ನು ಮೂವತ್ತೈದು ವರ್ಷ ಮಾಡಿದವರಿಗೆ ಬಿಡುವುದನ್ನು ಕಲಿಸಬೇಕಾಯಿತು. ಅಮ್ಮ ಎದುರಿಗೆ ಕೂತು ಎರಡೂ ಕೆನ್ನೆ ಒತ್ತಿ ಹಿಡಿದು ಕಲಿಸಿದರು. ಮೂವತ್ತು ವರ್ಷದ ಸಿಟ್ಟೂ ಸ್ವಲ್ಪ ಅಲ್ಲೇ ತೀರಿತೆಂದು ನನ್ನ ಅನುಮಾನ. ಆಗ ಅಪ್ಪ ಲ್ಯಾಬಿನ ಇಪ್ಪತ್ತೆರಡು ಮೆಟ್ಟಿಲಿಗೆ ನಾಲ್ಕು ಸಲ ನಿಲ್ಲುತ್ತಿದ್ದರು. ನಿನ್ನೆ ಒಂದೇ ಸಲ ನಿಂತರು!

ಇಲ್ಲಿಗೆ ಮುಗಿಸಬೇಕಿತ್ತು. ಚೀಟಿಯಲ್ಲೂ ಇಷ್ಟೇ ಇದೆ. ಆದರೆ ನಿನ್ನೆ ಅವರ ಡ್ರಾಯರ್ ಖಾಲಿ ಮಾಡಲು ಹೋದಾಗ ನನಗೊಂದು ಗಾಜಿನ ಕೊಳವೆ ಸಿಕ್ಕಿತು. ಎರಡೂ ತುದಿ ಕರಗಿಸಿ ಮುಚ್ಚಿದ್ದು, ಒಳಗೆ ಒಂದು ಸಿಗರೇಟು. ಮೇಲೆ ನನ್ನ ಮದುವೆ ನಿಶ್ಚಯವಾದ ತಾರೀಕು.

“ಇದ್ಯಾಕೆ ಇಟ್ಕೊಂಡಿದ್ದೀರಿ ಅಪ್ಪಾ?”

“ಇರ್ಲಿ ಬಿಡು ಪುಟ್ಟೀ. ಸೇದ್ಬೇಕು ಅಂದ್ರೆ ಒಡೀಬೇಕು. ನಾನು ಮಾಡಿದ ಗಾಜನ್ನ ನಾನು ಯಾವತ್ತೂ ಒಡೆದಿಲ್ಲ.”

ಆದರೆ ಕೊಳವೆಯ ಮೇಲೆ ಅರದಿಂದ ಎಳೆದ ಮೂರು ಗೀರುಗಳಿದ್ದವು. ಗೀರಿದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಗಾಜು ತುಂಡಾಗುತ್ತದೆ. ಗಾಜಿನವರ ಮನೆಯಲ್ಲಿ ಬೆಳೆದ ನನಗೆ ಅಷ್ಟು ಗೊತ್ತಾಗುವುದಿಲ್ಲವೇ?

“ಮೊದಲನೇ ಸಲ ಯಾರೋ ಫ್ಲಾಸ್ಕ್ ಹಿಡ್ಕೊಂಡು ಬಂದ್ರು” ಎಂದರು ಅಪ್ಪ. “ಎರಡನೇದು ನೀನು ಹೊರಟ ಸಾಯಂಕಾಲ. ಸ್ಟೇಷನ್ನಿಂದ ಸೀದಾ ಇಲ್ಲಿಗೇ ಬಂದಿದ್ದೆ. ಅಷ್ಟ್ರಲ್ಲಿ ನೀನು ಬೈಯೋಕೆ ಫೋನ್ ಮಾಡ್ದೆ.”

“ಮೂರನೇದು?”

“ಹೋದ ವಾರ. ಆಗ ಯಾರೂ ಬರ್ಲಿಲ್ಲ. ಎರಡು ಎಣಿಸಿ ತಗೊಂಡೆ, ನಾಲ್ಕು ಎಣಿಸಿ ಬಿಟ್ಟೆ. ಸುಮಾರು ಹೊತ್ತು. ಆಮೇಲೆ ಡ್ರಾಯರ್ ಮುಚ್ಚಿದೆ.”

ಅಪ್ಪಾ, ಇದನ್ನು ಸಭೆಯಲ್ಲಿ ಹೇಳಬಾರದಿತ್ತೇನೋ. ಹೇಳಿಬಿಟ್ಟೆ. ನಾಳೆಯಿಂದ ನಿಮಗೆ ಮೇಜಿಲ್ಲ, ಫ್ಲಾಸ್ಕು ತರುವವರಿಲ್ಲ. ಆ ಕೊಳವೆ ನಿಮ್ಮ ಚೀಲದಲ್ಲಿ ಮನೆಗೆ ಬರುತ್ತದೆ. ನಾನು ಅದನ್ನು ಕಿತ್ತುಕೊಳ್ಳುವುದಿಲ್ಲ. ನನಗೆ ಭಯವಿದೆ, ಆದರೂ ಕಿತ್ತುಕೊಳ್ಳುವುದಿಲ್ಲ. ಗೀರುವ ಮೊದಲು ಫೋನ್ ಮಾಡಿ, ಯಾವಾಗಲಾದರೂ ಸರಿ. ಬೈಯಲು ನಾನು ಸದಾ ಸಿದ್ಧ.

ನನ್ನ ಗಂಡ ಎದ್ದೇ ನಿಂತಿದ್ದಾರೆ. ಅಪ್ಪನನ್ನು ಇಷ್ಟು ವರ್ಷ ನೋಡಿಕೊಂಡ ಕಾಲೇಜಿಗೆ, ಕೆನ್ನೆ ಒತ್ತಿದ ಅಮ್ಮನಿಗೆ, ಕೂತು ಕೇಳಿದ ನಿಮಗೆಲ್ಲ ನನ್ನ ಮನಃಪೂರ್ವಕ ವಂದನೆ, ನಮಸ್ಕಾರ.

ಅಪ್ಪಾ, ಇನ್ನೊಂದೇ ಮಾತು. ಆ ಸೇತುವೆಗೆ ಇಪ್ಪತ್ತೆರಡು ಮೆಟ್ಟಿಲಾದ ಮೇಲೆ ಒಂದು ತಿರುವಿದೆ, ನಿಲ್ಲಲು ಜಾಗವಿದೆ. ಇಪ್ಪತ್ತೆರಡು ನಿಮಗೆ ಬರುತ್ತದೆ. ಅಲ್ಲಿಯವರೆಗೆ ಬನ್ನಿ, ಬೇಕಾದಷ್ಟು ಸಲ ನಿಲ್ಲಿ. ಉಳಿದದ್ದನ್ನು ನಾನು ಇಳಿದು ಬರುತ್ತೇನೆ. ಮುಂದಿನ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಏಳು ಹತ್ತರ ಪ್ಯಾಸೆಂಜರ್.